ಹೆರಿಗೆ ಆಯ್ತು, ಶುಗರ್ ಹೋಯ್ತು!

ಸಕ್ಕರೆ ಕಾಯಿಲೆ ಬಂತೆಂದರೆ ನಮ್ಮೂರು ಹೆಡತಲೆಯಲ್ಲಿ ಮೊದಲ ಶಿಕ್ಷೆ ಕಾಫಿ ಲೋಟಕ್ಕೆ. ಬೇಲಿಯಾಚೆಯ ಅಕ್ಕ ಈಗ ಸಪ್ಪೆ ಕಾಫಿ ಕುಡಿಯುತ್ತಾರೆ, ಅದಕ್ಕೆ ನಾಲ್ಕು ಬಿಸ್ಕತ್ತು ಅದ್ದಿಕೊಂಡು. "ಸೀ ಅಲ್ಲ ಕಣವ್ವಾ, ಉಪ್ಪು ಬಿಸ್ಕತ್ತು" ಅಂತಾರೆ. ಉಪ್ಪು ಬೆರೆಸಿದ ಮಾತ್ರಕ್ಕೆ ಮೈದಾ ಹೊಟ್ಟೆಯೊಳಗೆ ಸಕ್ಕರೆಯಾಗದೆ ಬಿಟ್ಟೀತೆ? ರಸಬಾಳೆಯನ್ನೂ ಬಿಟ್ಟಿದ್ದಾರಂತೆ. ನಂಜನಗೂಡಿನವರಿಗೇ ನಂಜನಗೂಡು ರಸಬಾಳೆ ಸಿಗುವುದು ಅಪರೂಪವಾಗಿರುವಾಗ ಆ ತ್ಯಾಗಕ್ಕೆ ನಾನು ಕೈಮುಗಿಯಲಾರೆ.

"ಮುದ್ದೆ ಉಣ್ಣೋರ್ಗೆ ಶುಗರ್ ಬರಕಿಲ್ಲ ಅಂತಿದ್ರಲ್ಲವ್ವಾ?" ಎಂದು ಅವರ ತಕರಾರು. ಮುದ್ದೆಯಲ್ಲೂ ಪಿಷ್ಟವೇ ಇರುವುದು ಅಕ್ಕಾ, ನಾರು ಸ್ವಲ್ಪ ಹೆಚ್ಚು, ಅಷ್ಟೆ. ಅದರ ಮೇಲೆ ಕಪಿಲೆ ನಾಲೆ ನೀರಿನ ದಯದಿಂದ ಅನ್ನವೂ ಆಗಬೇಕು. ಹೆಂಗಸರ ಪಾಡಂತೂ ಬೇರೆಯೇ. ಉಣ್ಣುವುದು ಕೊನೆಗೆ. ಅಷ್ಟು ಹೊತ್ತಿಗೆ ಹುರುಳಿಕಾಳು ಗಂಡನ ತಟ್ಟೆಗೆ, ಸೊಪ್ಪಿನ ಪಲ್ಯ ಮಕ್ಕಳ ತಟ್ಟೆಗೆ ಹೋಗಿ, ಇವಳ ಪಾಲಿಗೆ ಮಿಕ್ಕ ಅನ್ನ, ಮೇಲೆ ತಿಳಿ ಸಾರು. ಚೆಲ್ಲಬಾರದಲ್ಲ, ಅದಕ್ಕೇ ಇನ್ನೊಂದು ತುತ್ತು. ಹಾಲು ಡೇರಿಗೆ, ಮೊಸರು ಮಕ್ಕಳಿಗೆ, ನೀರುಮಜ್ಜಿಗೆ ಇವಳಿಗೆ.

ನಡೆಯಿರಿ ಅಂದರೆ, "ಹಟ್ಟಿ ಕೆಲ್ಸ ಮಾಡಿ ಸಾಯ್ತಾ ಇವ್ನಿ, ವಾಕಿಂಗ್ ಬೇರೆ!" ಒರಳು, ಸೌದೆ ಹೊರೆ, ನೀರಿನ ಕೊಡ ಹೋಗಿ ಮಿಕ್ಸಿ, ಗ್ಯಾಸ್, ನಲ್ಲಿ ಬಂದಿವೆ. ಅವು ಹೋದದ್ದೇ ಒಳ್ಳೆಯದಾಯಿತು; ಒರಳಿನ ಗುಣಗಾನ ಮಾಡುವ ಗಂಡಸರು ಒಂದು ವಾರ ರುಬ್ಬಿ ನೋಡಲಿ. ಆದರೆ ಊರಲ್ಲಿ ಹೆಂಗಸು ಸುಮ್ಮನೆ ನಡೆದರೆ ಹೆಜ್ಜೆಗೊಬ್ಬರು "ಎಲ್ಗವ್ವಾ ಹೊಂಟೆ?" ಎನ್ನುತ್ತಾರೆ. ಕೈಯಲ್ಲಿ ಹೂವಿನ ಬುಟ್ಟಿ ಇದ್ದರೆ ಯಾರೂ ಕೇಳುವುದಿಲ್ಲ. ಲಕ್ಷ್ಮೀಕಾಂತಸ್ವಾಮಿ ಗುಡಿಯನ್ನು ಬಿರಬಿರನೆ ಹತ್ತು ಸುತ್ತು ಹಾಕಿದರೆ ಭಕ್ತಿ ಅಂದುಕೊಳ್ಳುತ್ತಾರೆ, ಅಂದುಕೊಳ್ಳಲಿ.

ನನಗೆ ನಿಜವಾಗಿ ದಿಗಿಲು ಹುಟ್ಟಿಸಿದ್ದು ಬಾಣಂತನಕ್ಕೆ ಬಂದಿರುವ ಅವರ ಮಗಳ ಸಂಗತಿ. ಬಸುರಿನಲ್ಲಿ ಶುಗರ್ ಇತ್ತಂತೆ. "ಈಗಿಲ್ಲ ಕಣವ್ವಾ, ಹೆರಿಗೆ ಆಯ್ತು, ಹೋಯ್ತು." ಹೋಗುವುದೇನೋ ಹೌದು. ಬಸುರಿನಲ್ಲಿ ಮಾಸಿನಿಂದ ಹೊರಡುವ ಹಾರ್ಮೋನುಗಳು ಇನ್ಸುಲಿನ್ನಿಗೆ ಅಡ್ಡಗಾಲು ಹಾಕುತ್ತವೆ, ಮಾಸು ಬಿದ್ದ ಮೇಲೆ ಆ ಕಾಟ ತಪ್ಪುತ್ತದೆ. ಆದರೆ ಏರಿನಲ್ಲಿ ಮುಗ್ಗರಿಸಿದ ಎತ್ತು ಸಮನೆಲದಲ್ಲಿ ನಡೆಯಿತೆಂದು ಅದರ ಕಾಲು ನೆಟ್ಟಗಿದೆ ಎನ್ನಬಹುದೆ?

ಹೀಗೆ ಹೋದ ಶುಗರ್ ಮತ್ತೆ ಬರುತ್ತದೆಯೇ ಎಂದು ಲೆಕ್ಕ ಹಾಕಿ ನೋಡಿದ್ದು ದೂರದ ಅಮೆರಿಕದಲ್ಲಲ್ಲ. ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆ, ನಮ್ಮವರ ಬಾಯಲ್ಲಿ ಮಿಷನ್ ಆಸ್ಪತ್ರೆ. 1997-98ರಲ್ಲಿ ಅಲ್ಲಿಗೆ ಬಂದ ಬಸುರಿಯರನ್ನು ಪರೀಕ್ಷಿಸಿ, 5 ವರ್ಷದ ಮೇಲೆ ಮತ್ತೆ ಕರೆದು ನೋಡಿದರು. ಬಸುರಿನಲ್ಲಿ ಶುಗರ್ ಇದ್ದವರಲ್ಲಿ 100ಕ್ಕೆ 37 ಮಂದಿಗೆ ಸಕ್ಕರೆ ಕಾಯಿಲೆ ಬಂದಿತ್ತು. ಇಲ್ಲದವರಲ್ಲಿ 100ಕ್ಕೆ ಇಬ್ಬರಿಗೆ. ಅದೇ ಬಸುರಿಯರಲ್ಲಿ 100ಕ್ಕೆ ನಲವತ್ತಕ್ಕೂ ಹೆಚ್ಚು ಮಂದಿಗೆ ಬಿ12 ಜೀವಸತ್ವದ ಕೊರತೆ ಇತ್ತು, ಅಂಥವರಲ್ಲೇ ತೂಕವೂ ಬಸುರಿನ ಶುಗರೂ ಜಾಸ್ತಿ ಕಂಡಿತು. ಬಿ12 ಸಿಗುವುದು ಹಾಲು, ಮೊಸರು, ಮೊಟ್ಟೆ, ಮಾಂಸದಲ್ಲಿ. ನೀರುಮಜ್ಜಿಗೆಯಲ್ಲಿ ಎಷ್ಟು ಸಿಕ್ಕೀತು?

ಮಗುವಿಗೆ ಆರು ವಾರಕ್ಕೆ ಚುಚ್ಚುಮದ್ದು. ಆ ಕಾರ್ಡು ಸೆರಗಿನ ಗಂಟಿನಷ್ಟು ಜೋಪಾನ. ತಾಯಿಗೂ ಗ್ಲೂಕೋಸ್ ನೀರು ಕುಡಿಸಿ ರಕ್ತ ನೋಡಬೇಕಾದದ್ದು ಅದೇ ಆರು ವಾರಕ್ಕೆ, ಆಮೇಲೂ ಆಗಾಗ. ಅದರ ತಾರೀಖನ್ನು ಯಾರೂ ಕ್ಯಾಲೆಂಡರಿನಲ್ಲಿ ಗುರುತು ಮಾಡಿಲ್ಲ.

"ಬುಧವಾರ ಕೂಸ್ಗೆ ಚುಚ್ಚಿಸ್ಬೇಕು" ಅಂದರು ಅಕ್ಕ.

"ಹಾಗಾದ್ರೆ ಮಗಳನ್ನೂ ಖಾಲಿ ಹೊಟ್ಟೇಲಿ ಕರ್ಕೊಂಡು ಹೋಗಿ, ಅವಳದ್ದೂ ರಕ್ತ ಕೊಟ್ಟು ಬನ್ನಿ."

"ಬಾಣಂತಿನ ಖಾಲಿ ಹೊಟ್ಟೇಲಾ? ಅವ್ಳ ಅತ್ತೆಗೆ ಗೊತ್ತಾದ್ರೆ ಸುಮ್ನೆ ಬುಟ್ಟಾಳಾ?"

"ಅತ್ತೇನೂ ಕರ್ಕೊಂಡು ಹೋಗಿ ಅಕ್ಕಾ. ಅವರದ್ದೂ ಒಂದ್ಸಲ ನೋಡ್ಲಿ."