ಸ್ಕೂಪ್ ರಾಯರು

ನಮ್ಮ ಬೀದಿಯಲ್ಲಿ ಮೂವರು ರಾಯರಿದ್ದಾರೆ. ಕೊನೆಮನೆಯವರು ಪಂಚಾಂಗದ ರಾಯರು. ಎದುರುಮನೆ ಮಹಡಿಯವರು ಷೇರು ರಾಯರು. ನಮ್ಮ ಪಕ್ಕದ ಮನೆಯವರು ಎರಡು ವರ್ಷದ ಹಿಂದಿನವರೆಗೆ ಬ್ಯಾಂಕ್ ರಾಯರಾಗಿದ್ದರು. ಈಗ ಸ್ಕೂಪ್ ರಾಯರು. ಪತ್ರಿಕೆಯವರ ಸ್ಕೂಪ್ ಅಲ್ಲ. ಪ್ರೋಟೀನ್ ಪೌಡರಿನ ಡಬ್ಬದಲ್ಲಿ ಸದಾ ತಳದಲ್ಲೇ ಹೂತುಕೊಂಡಿದ್ದು, ಮೊಣಕೈವರೆಗೆ ಕೈ ಇಳಿಸಿ ತೆಗೆಯಬೇಕಲ್ಲ, ಆ ಪ್ಲಾಸ್ಟಿಕ್ ಚಮಚದ ಸ್ಕೂಪು.

ಎಲ್ಲ ಶುರುವಾದದ್ದು ಒಂದು ರಕ್ತಪರೀಕ್ಷೆಯಿಂದ. ಮೂರು ತಿಂಗಳ ಸಕ್ಕರೆಯ ಲೆಕ್ಕ 7.4 ಬಂತು. ಡಾಕ್ಟರು, "ಅನ್ನ ಸ್ವಲ್ಪ ಕಮ್ಮಿ ಮಾಡಿ, ಪ್ರೋಟೀನು ಸ್ವಲ್ಪ ಜಾಸ್ತಿ ಮಾಡಿ, ದಿನಾ ಸ್ವಲ್ಪ ನಡೀರಿ" ಅಂದರು. ರಾಯರು ಮೂವತ್ತನಾಲ್ಕು ವರ್ಷ ಬ್ಯಾಂಕಿನ ಇನ್ಸ್‌ಪೆಕ್ಷನ್ ವಿಭಾಗದಲ್ಲಿದ್ದವರು. 'ಸ್ವಲ್ಪ' ಎಂಬ ಅಂಕಿಯನ್ನು ಯಾವ ಲೆಡ್ಜರಿನಲ್ಲೂ ಒಪ್ಪಿದವರಲ್ಲ.

"ಸ್ವಲ್ಪ ಅಂದ್ರೆ ಎಷ್ಟು ಡಾಕ್ಟ್ರೇ?"

ಡಾಕ್ಟರು ಮುಂದಿನ ಪೇಷಂಟನ್ನು ಕರೆದರು. ಉತ್ತರ ಸಿಗದ ರಾಯರು ಮನೆಗೆ ಬಂದು ತಾವೇ ಒಂದು ಸುತ್ತೋಲೆ ಹೊರಡಿಸಿದರು: ದಿನಕ್ಕೆ ಕಾರ್ಬ್ 50 ಗ್ರಾಂ, ಮೇಲೆ ಒಂದು ಅಗಳೂ ಇಲ್ಲ. "ಕಾರ್ಬ್ ಅಂದ್ರೆ ವಸೂಲಾಗದ ಸಾಲ ಕಣ್ರೀ. ಒಳಗೆ ಹೋದದ್ದು ವಾಪಸ್ ಬರಲ್ಲ, ಹೊಟ್ಟೆ ಮೇಲೇ ಕೂರತ್ತೆ."

ಮೊದಲ ವಾರವೇ ಮೂರು ಕೆಜಿ ಇಳಿದರು. ಪಾರ್ಕಿನ ಬೆಂಚಿನ ಮೇಲೆ ಈ ವಿಷಯ ಪ್ರಕಟಿಸಿದಾಗ ಷೇರು ರಾಯರು ತಲೆಯೆತ್ತದೆ, "ಇದು ಕರೆಕ್ಷನ್ ರಾಯರೇ, ಟ್ರೆಂಡ್ ಅಲ್ಲ" ಅಂದರು. ಅವರ ಮಾತೇ ಸರಿ. ನಮ್ಮ ಮೈ ಪಿಷ್ಟವನ್ನು ಗ್ಲೈಕೋಜನ್ ಮಾಡಿ ಇಟ್ಟುಕೊಳ್ಳುವಾಗ ಪ್ರತಿ ಗ್ರಾಮಿನ ಜೊತೆ ಸುಮಾರು ಮೂರು ಗ್ರಾಂ ನೀರನ್ನೂ ಕೂಡಿಟ್ಟುಕೊಳ್ಳುತ್ತದೆ. ಅನ್ನ ನಿಲ್ಲಿಸಿದರೆ ಮೊದಲು ಖಾಲಿಯಾಗುವುದು ಆ ಉಗ್ರಾಣ. ರಾಯರು ಕಳೆದುಕೊಂಡದ್ದರಲ್ಲಿ ಬಹುಪಾಲು ನೀರು.

ಆದರೆ ನಿಜವಾದ ಕಷ್ಟ ಎರಡನೇ ವಾರಕ್ಕೆ ಕಾದಿತ್ತು. ಅನ್ನ ಬಿಟ್ಟರು, ಸರಿ, ತಿನ್ನುವುದೇನು? ಮಾಂಸದ ಮಾತೇ ಇಲ್ಲ. ಮೊಟ್ಟೆಯ ಹೆಸರು ಅಡುಗೆಮನೆ ಹೊಸಿಲು ದಾಟುವಂತಿಲ್ಲ. ತೊಗರಿಬೇಳೆ ಪ್ರೋಟೀನಿನ ಗಣಿ ಎಂದು ನಂಬಿ ಲೆಕ್ಕ ತೆಗೆದರೆ, 100 ಗ್ರಾಮಿನಲ್ಲಿ ಪ್ರೋಟೀನು ಸುಮಾರು 22, ಕಾರ್ಬು ಸುಮಾರು 55! "ಇಪ್ಪತ್ತೆರಡು ಜಮಾ ಮಾಡಕ್ಕೆ ಐವತ್ತೈದು ಖರ್ಚು. ಯಾವ ಬ್ರಾಂಚು ನಡೆಯತ್ರೀ ಹೀಗೆ?" ಎಂದು ಸಾಂಬಾರಿನ ಪಾತ್ರೆಯನ್ನು ದಿವಾಳಿ ಕಂಪನಿ ನೋಡಿದ ಹಾಗೆ ನೋಡಿದರು. ಪನೀರು ನಾಲ್ಕು ದಿನಕ್ಕೆ ಬೇಸರವಾಯಿತು. ಹೀಗೆ ಸಸ್ಯಾಹಾರಿಯ ಕಾರ್ಬುಮುಕ್ತ ಮಾರ್ಗ ಕೊನೆಗೆ ಎಲ್ಲಿಗೆ ಮುಟ್ಟುತ್ತದೋ ಅಲ್ಲಿಗೇ ರಾಯರೂ ಮುಟ್ಟಿದರು: ಪೌಡರ್ ಅಂಗಡಿಗೆ.

ಜೊತೆಗೆ ನನ್ನನ್ನೂ ಕರೆದುಕೊಂಡು ಹೋಗಿದ್ದರು. ಜಯನಗರದ ಒಂದು ಅಡ್ಡರಸ್ತೆ. ಒಳಗೆ ನೆಲದಿಂದ ಸೂರಿನವರೆಗೆ ಡಬ್ಬಗಳು. ಒಂದೊಂದೂ ಬಣ್ಣದ ಡಬ್ಬದಷ್ಟು ದಪ್ಪ. ಅಂಗಡಿ ಹುಡುಗನ ತೋಳು ನನ್ನ ತೊಡೆಯಷ್ಟಿತ್ತು.

"ಅಂಕಲ್, ಇದು ತಗೊಳ್ಳಿ. ಒಂದೇ ತಿಂಗಳಲ್ಲಿ ಐದು ಕೆಜಿ ಗ್ಯಾರಂಟಿ."

"ಇಳಿಯತ್ತಾ?"

"ಏರತ್ತೆ ಅಂಕಲ್! ಮಾಸ್ ಗೇನರ್!"

ರಾಯರು ಜೇಬಿನಿಂದ ಭೂತಗನ್ನಡಿ ತೆಗೆದರು. ಆಮೇಲೆ ನಡೆದದ್ದು ಖರೀದಿಯಲ್ಲ, ತಪಾಸಣೆ. ಪೊಟ್ಟಣದ ಮೇಲೆ ಪದಾರ್ಥಗಳನ್ನು ತೂಕದ ಇಳಿಕೆಯ ಕ್ರಮದಲ್ಲೇ ಬರೆಯಬೇಕೆಂಬ ನಿಯಮ ಅವರಿಗೆ ಆಗಲೇ ಗೊತ್ತಿತ್ತು. "ಮೊದಲನೇ ಹೆಸರು ಯಾರದೋ ಅವರೇ ಮುಖ್ಯ ಷೇರುದಾರರು. ಇಲ್ನೋಡಿ, ಮಾಲ್ಟೋಡೆಕ್ಸ್‌ಟ್ರಿನ್. ಪಿಷ್ಟ ಒಡೆದು ಮಾಡಿದ ಪುಡಿ. ರಕ್ತದಲ್ಲಿ ಸಕ್ಕರೆಗಿಂತ ಜೋರಾಗಿ ಏರತ್ತೆ. ಆದರೆ ಡಬ್ಬದ ಮುಂದೆ ಏನು ಬರೆದಿದಾನೆ? 'ಸಕ್ಕರೆ ಸೇರಿಸಿಲ್ಲ'. ಬೇನಾಮಿ ಕಣ್ರೀ ಇದು, ಶುದ್ಧ ಬೇನಾಮಿ!"

ಹುಡುಗ ಇನ್ನೊಂದು ಡಬ್ಬ ಇಳಿಸಿದ. ಸ್ಕೂಪಿಗೆ 24 ಗ್ರಾಂ ಪ್ರೋಟೀನ್ ಎಂದು ಕೆಂಪಕ್ಷರದಲ್ಲಿತ್ತು. "ಸ್ಕೂಪು ಎಷ್ಟು ಗ್ರಾಮಿಂದಪ್ಪಾ? ಮೂವತ್ಮೂರು. ಅಂದ್ರೆ ನೂರಕ್ಕೆ ಎಪ್ಪತ್ಮೂರು ಪಾಲು. ಪಕ್ಕದ್ದು? ಮೂವತ್ತಕ್ಕೆ ಇಪ್ಪತ್ತೈದು, ಎಂಬತ್ಮೂರು." ಹುಡುಗ ಮೊದಲ ಬಾರಿಗೆ ತನ್ನ ಅಂಗಡಿಯ ಡಬ್ಬವನ್ನು ತಾನೇ ತಿರುಗಿಸಿ ಓದಿದ.

ಆ ದಿನ ತಂದದ್ದು ವೇ ಕಾನ್ಸಂಟ್ರೇಟ್. ವೇ ಎಂದರೆ ಬೇರೇನಲ್ಲ. ಹಾಲು ಒಡೆದಾಗ ಗಟ್ಟಿ ಬೇರೆಯಾಗಿ ಉಳಿಯುವ ತಿಳಿನೀರು. ಹಾಲಿನ ಪ್ರೋಟೀನಿನಲ್ಲಿ ನೂರಕ್ಕೆ ಸುಮಾರು 80 ಪಾಲು ಕೇಸಿನ್, ಅದು ಗಟ್ಟಿಯ ಜೊತೆ ಹೋಗುತ್ತದೆ. ಉಳಿದ 20 ಪಾಲು ಈ ನೀರಿನಲ್ಲಿ. ಚೀಸ್ ಕಾರ್ಖಾನೆಗಳಲ್ಲಿ ಉಳಿಯುವ ನೀರನ್ನು ಸೋಸಿ ಒಣಗಿಸಿದರೆ ಕಾನ್ಸಂಟ್ರೇಟ್. ಇನ್ನೂ ಸೋಸಿ ಕೊಬ್ಬನ್ನೂ ಹಾಲಿನ ಸಕ್ಕರೆಯನ್ನೂ ಬಹುತೇಕ ಕಳೆದರೆ, ನೂರಕ್ಕೆ 90 ಪಾಲು ಪ್ರೋಟೀನಿರುವ ಐಸೊಲೇಟ್. ರಾಯರ ಮನೆಯಾಕೆ ಇಷ್ಟನ್ನೂ ಕೇಳಿಸಿಕೊಂಡು, "ಪನೀರು ಮಾಡಿದ ನೀರಲ್ಲಿ ನಾನು ಚಪಾತಿ ಹಿಟ್ಟು ಕಲೆಸ್ತಿದ್ದೆ. ಚಪಾತಿ ಬಿಟ್ರಿ, ನೀರು ಹಿಡ್ಕೊಂಡ್ರಿ" ಅಂದರು.

ಮರುದಿನ ಬೆಳಿಗ್ಗೆ ರಾಯರು ಒಂದು ಸ್ಕೂಪನ್ನು ಕುದಿಕುದಿ ಫಿಲ್ಟರ್ ಕಾಫಿಗೇ ಹಾಕಿದರು. ವೇ ಪ್ರೋಟೀನು ಹೆಚ್ಚು ಬಿಸಿ ತಡೆಯುವುದಿಲ್ಲ, ಹೆಪ್ಪುಗಟ್ಟುತ್ತದೆ. ಲೋಟದ ತುಂಬ ಬಿಳಿ ಚೂರುಗಳು ತೇಲಿದವು. ಆಕೆ ಇಣುಕಿ ನೋಡಿ, ಹಾಲಿನವನ ಮೇಲೆ ಜಗಳಕ್ಕೆ ಹೊರಟೇಬಿಟ್ಟಿದ್ದರು.

ಕಾನ್ಸಂಟ್ರೇಟಿನಲ್ಲಿ ಉಳಿದ ಲ್ಯಾಕ್ಟೋಸು ರಾಯರ ಹೊಟ್ಟೆಯಲ್ಲಿ ಎರಡು ದಿನ ಗುಡುಗಿತು. ಮೂರನೇ ದಿನ ಡಬ್ಬ ನಮ್ಮ ಮನೆಗೆ ಬಂತು. "ನಿಮಗೆ ನಡೆಯತ್ತೆ. ಮೂರು ಸಾವಿರ ರೂಪಾಯಿಂದು, ಚೆಲ್ಲಕ್ಕೆ ಮನಸ್ಸಾಗಲ್ಲ" ಅಂದರು. ನನಗೂ ಆಗಲಿಲ್ಲ. ಬಾಳೆಹಣ್ಣು, ಬೆಲ್ಲ, ಗಟ್ಟಿ ಹಾಲು ಹಾಕಿ ನನ್ನಾಕೆ ಮಿಕ್ಸಿಯಲ್ಲಿ ತಿರುಗಿಸಿಕೊಟ್ಟಳು. ಬಹಳ ಚೆನ್ನಾಗಿತ್ತು.

ಅಲ್ಲಿಂದ ಇದೊಂದು ಪದ್ಧತಿಯಾಯಿತು. ಎರಡನೇ ಡಬ್ಬ ಸೋಯಾ. ಹಸಿ ಹಿಟ್ಟಿನ ವಾಸನೆ ಎಂದು ನಮ್ಮಲ್ಲಿಗೆ ಬಂತು. ಮೂರನೆಯದರ ತಪ್ಪು, ಅದರ ಪದಾರ್ಥಗಳ ನಡುವೆ ಗ್ಲೈಸಿನ್ ಕೂತದ್ದು. ರಾಯರು ವಿವರಿಸಿದರು: ಪ್ರೋಟೀನ್ ಅಳೆಯುವ ಹಳೆಯ ವಿಧಾನವನ್ನು 1883ರಲ್ಲಿ ಡೆನ್ಮಾರ್ಕಿನ ಕೆಲ್ಡಾಲ್ ಎಂಬ ವಿಜ್ಞಾನಿ ಕಂಡುಹಿಡಿದ, ಅದು ಎಣಿಸುವುದು ಪ್ರೋಟೀನನ್ನಲ್ಲ, ಸಾರಜನಕವನ್ನು. ಗ್ಲೈಸಿನ್‌ನಂಥ ಅಗ್ಗದ ಅಮೈನೋ ಆಮ್ಲ ಬೆರೆಸಿದರೂ ಲೆಕ್ಕದಲ್ಲಿ ಪ್ರೋಟೀನು ಹೆಚ್ಚಿದಂತೆ ಕಾಣುತ್ತದೆ. "ಮಾರ್ಚ್ 31ರ ರಾತ್ರಿ ಡಿಪಾಸಿಟ್ ತೋರಿಸಿ ಏಪ್ರಿಲ್ ಒಂದಕ್ಕೆ ವಾಪಸ್ ಕೊಡ್ತಿದ್ದ ಮ್ಯಾನೇಜರುಗಳನ್ನ ಎಷ್ಟು ಜನಾನ ಹಿಡಿದಿದೀನಿ ನಾನು!" ಆ ಡಬ್ಬವನ್ನು ಕೊಡುವಾಗ ಅವರ ಮುಖದಲ್ಲಿ ನಷ್ಟದ ಛಾಯೆ ಇರಲಿಲ್ಲ. ಕಳ್ಳನನ್ನು ಹಿಡಿದ ಕಳೆ ಇತ್ತು. ನನಗೆ ಅವತ್ತೇ ಹೊಳೆಯಿತು: ರಾಯರಿಗೆ ಬೇಕಾದದ್ದು ಪ್ರೋಟೀನಲ್ಲ. ನಿವೃತ್ತಿಯ ದಿನ ಶಾಲು ಹೊದಿಸಿ ಕಿತ್ತುಕೊಂಡಿದ್ದ ಕೆಲಸ ಅವರಿಗೆ ಡಬ್ಬಗಳ ರೂಪದಲ್ಲಿ ವಾಪಸ್ ಸಿಕ್ಕಿತ್ತು.

ನಾಲ್ಕನೆಯದಕ್ಕೆ ಸುಕ್ರಲೋಸ್ ಕಾರಣ. ಸಕ್ಕರೆಗಿಂತ ಸುಮಾರು 600 ಪಟ್ಟು ಸಿಹಿಯಾದ ಈ ಪುಡಿ ಸಿಕ್ಕಿದ್ದು 1976ರಲ್ಲಿ ಲಂಡನ್ನಿನ ಒಂದು ಕಾಲೇಜಿನಲ್ಲಿ. ಶಶಿಕಾಂತ್ ಫಡ್ನಿಸ್ ಎಂಬ ನಮ್ಮ ದೇಶದ ವಿದ್ಯಾರ್ಥಿಗೆ ಅದನ್ನು 'ಟೆಸ್ಟ್' ಮಾಡು ಎಂದರೆ, ಆತನ ಕಿವಿಗೆ 'ಟೇಸ್ಟ್' ಮಾಡು ಎಂದು ಕೇಳಿಸಿ ನಾಲಿಗೆಗೆ ಹಚ್ಚಿಕೊಂಡನಂತೆ. ಇದನ್ನು ಕೇಳಿ ನಾವೆಲ್ಲ ನಕ್ಕೆವು. ರಾಯರು ಮಾತ್ರ ಗಂಭೀರರಾದರು. "ಬರವಣಿಗೆಯಲ್ಲಿ ಆದೇಶ ಇಲ್ಲದೆ ಮಾಡಿದ ಕೆಲಸ" ಎಂದು ಡಬ್ಬ ತಿರಸ್ಕರಿಸಿದರು.

ಅಷ್ಟರಲ್ಲಿ ತಿಂಗಳಿಗೊಂದು ಆಹಾರ ಬಿಡುವ ಚಾತುರ್ಮಾಸ್ಯ ಬಂತು. ಪಂಚಾಂಗದ ರಾಯರಿಗೂ ಸ್ಕೂಪ್ ರಾಯರಿಗೂ ಜಗಲಿಯ ಮೇಲೆ ನಾಲ್ಕು ತಿಂಗಳ ಶಾಸ್ತ್ರಾರ್ಥ ನಡೆಯಿತು. ಮೊದಲು ಶಾಕವ್ರತ, ತರಕಾರಿ, ಹಣ್ಣು ಕೂಡದು. ಡಬ್ಬದಲ್ಲಿದ್ದದ್ದು ಸ್ಟ್ರಾಬೆರಿ. ಭೂತಗನ್ನಡಿ ಕೈ ಬದಲಾಯಿಸಿತು. ಪಂಚಾಂಗದ ರಾಯರು ಹಿಂದೆ ಮುಂದೆ ಓದಿ, "ಕೃತಕ ಪರಿಮಳ ಅಂತಷ್ಟೇ ಇದೆ. ಒಳಗೆ ಹಣ್ಣೇ ಇಲ್ಲ. ದೋಷವೂ ಇಲ್ಲ" ಎಂದು ತೀರ್ಪಿತ್ತರು. ಕಲಬೆರಕೆಯೇ ವ್ರತವನ್ನು ಕಾಪಾಡಿದ ಪ್ರಸಂಗವನ್ನು ನಾನು ಬೇರೆಲ್ಲೂ ಕಂಡಿಲ್ಲ. ದಧಿವ್ರತದಲ್ಲಿ, ವೇ ಹಾಲಿನದೇ ಹೊರತು ಮೊಸರಿನದಲ್ಲ ಎಂದು ಪಾರಾಯಿತು. ಆಶ್ವಯುಜದ ಕ್ಷೀರವ್ರತದಲ್ಲಿ ಪಾರಾಗುವ ದಾರಿ ಇರಲಿಲ್ಲ, ಹಾಲೇ ನಿಷಿದ್ಧ. ವೇ ಡಬ್ಬ ನಮ್ಮ ಮನೆ ಸೇರಿತು. ರಾಯರ ಮನೆಗೆ ಬಟಾಣಿ ಮತ್ತು ಅಕ್ಕಿ ಪ್ರೋಟೀನುಗಳ ಮಿಶ್ರಣ ಬಂತು.

"ಬಟಾಣೀಲಿ ಮೆಥಿಯೋನಿನ್ ಕಮ್ಮಿ, ಅಕ್ಕೀಲಿ ಲೈಸಿನ್ ಕಮ್ಮಿ. ಎರಡೂ ಸೇರಿಸಿದ್ರೆ ಒಂದರ ಕೊರತೆ ಇನ್ನೊಂದು ತುಂಬತ್ತೆ. ದೊಡ್ಡ ಸಂಶೋಧನೆ ಇದು" ಎಂದು ರಾಯರು ಶೇಕರು ಅಲ್ಲಾಡಿಸುತ್ತ ಪಾಠ ಹೇಳುತ್ತಿದ್ದರು. ಅವರ ಮನೆಯಾಕೆ ಒಳಗಿನಿಂದ ಕೇಳಿದರು: "ಅಕ್ಕಿ, ಕಾಳು, ನೀರು. ಹುಗ್ಗಿ ಅಲ್ವಾ ಅದು? ಒಂದು ಒಗ್ಗರಣೆ ಹಾಕಿಕೊಡ್ಲಾ?"

ಕಾರ್ತಿಕದಲ್ಲಿ ದ್ವಿದಳವ್ರತ. ಬಟಾಣಿಗೆ ಎರಡು ದಳ, ಕೂಡದು. ಹುಗ್ಗಿಯ ಡಬ್ಬವೂ ನಮ್ಮ ಮನೆಗೆ ಬಂತು, ಹಾಲಿನದು ಮತ್ತೆ ಅವರ ಮನೆಗೆ. ನಮ್ಮ ಅಡುಗೆಮನೆಯ ಅಟ್ಟದಲ್ಲಿ ಆಗ ಏಳು ಡಬ್ಬಗಳಿದ್ದವು. ಖಾಲಿಯಾದವಕ್ಕೆ ನನ್ನಾಕೆ ಅವಲಕ್ಕಿ, ಸಕ್ಕರೆ, ಚಿರೋಟಿ ರವೆ ತುಂಬಿಟ್ಟಿದ್ದಳು; 'ಶೂನ್ಯ ಸಕ್ಕರೆ' ಎಂದು ಬರೆದ ಡಬ್ಬದಲ್ಲಿ ಎರಡು ಕೆಜಿ ಸಕ್ಕರೆ ಸರಿಯಾಗಿ ಹಿಡಿಯುತ್ತಿತ್ತು.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರ ತನ್ನ ಆಹಾರ ಮಾರ್ಗಸೂಚಿಯಲ್ಲಿ ಮೈ ಬೆಳೆಸಲು ಪ್ರೋಟೀನ್ ಪೌಡರುಗಳ ಮೊರೆ ಹೋಗಬೇಡಿ ಎಂದಿದೆ. ಅದನ್ನು ರಾಯರಿಗೆ ತೋರಿಸಿದೆ. "ಅದು ಮೈ ಬೆಳೆಸೋರಿಗೆ, ನಾನು ಇಳಿಸೋನು" ಅಂದರು. ದೇಹದ ಕಿಲೋಗೆ ದಿನಕ್ಕೆ 0.83 ಗ್ರಾಂ ಪ್ರೋಟೀನ್ ಸಾಕು ಎಂಬ ಅದೇ ಸಂಸ್ಥೆಯ ಅಂಕಿಯನ್ನು ಮಾತ್ರ ಪ್ರೀತಿಯಿಂದ ಬರೆದುಕೊಂಡು ತಮ್ಮ 82 ಕೆಜಿಯಿಂದ ಗುಣಿಸಿದರು. "ಅರವತ್ತೆಂಟು ಪಾಯಿಂಟ್ ಸೊನ್ನೆ ಆರು ಗ್ರಾಮು." ದಶಾಂಶದ ಆ ಭಿನ್ನರಾಶಿ ಕಂಡಾಗ ಅವರ ಮುಖ ಅರಳಿದ್ದನ್ನು ನೋಡಬೇಕಿತ್ತು.

ಈಗ ಫಲಿತಾಂಶ. ರಾಯರ ಸಕ್ಕರೆ 6.3ಕ್ಕೆ ಇಳಿದಿದೆ, ತೂಕ 75. ಪೌಡರಿನ ಮಹಿಮೆ ಎಂದು ಅವರು ಬೀದಿಗೆಲ್ಲ ಹೇಳುತ್ತಾರೆ. ನಾನು ಕಣ್ಣಾರೆ ಕಂಡವನು. ಒಂದು ಡಬ್ಬವನ್ನೂ ಅವರು ಕಾಲುಭಾಗ ಕುಡಿದು ಮುಗಿಸಿಲ್ಲ. ಆದರೆ ಡಬ್ಬ ಹೋಲಿಸಲು ಬಸವನಗುಡಿಯಿಂದ ಜಯನಗರಕ್ಕೆ, ರಸೀದಿ ಸಮೇತ ಜಗಳಾಡಲು ಮತ್ತೆ ಜಯನಗರಕ್ಕೆ, ಇನ್ನೊಂದು ಅಂಗಡಿ ಅಗ್ಗವೆಂದು ಬನಶಂಕರಿಗೆ, ದಿನಾ ನಡೆದೇ ಹೋಗಿ ನಡೆದೇ ಬಂದಿದ್ದಾರೆ. ಪೌಡರು ಕುಡಿದು ಇಳಿದದ್ದಲ್ಲ, ಪೌಡರು ಹುಡುಕಿ ಇಳಿದದ್ದು.

ಕುಡಿದವನು ನಾನು. ಬಾಳೆಹಣ್ಣು, ಬೆಲ್ಲ, ಗಟ್ಟಿ ಹಾಲಿನ ಜೊತೆ, ಅನ್ನ ಸಾರು ಏನೊಂದೂ ಬಿಡದೆ, ಒಂದೂವರೆ ವರ್ಷ. ಮೊನ್ನೆ ನನ್ನ ವರದಿ ಬಂತು: 7.4. ರಾಯರೇ ನನ್ನನ್ನು ಅದೇ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಡಾಕ್ಟರು ಕಾಗದ ನೋಡಿ, "ಅನ್ನ ಸ್ವಲ್ಪ ಕಮ್ಮಿ ಮಾಡಿ" ಅಂದರು.

ನಾನು ಬಾಯಿ ತೆರೆಯುವ ಮೊದಲೇ ಹಿಂದಿನ ಕುರ್ಚಿಯಿಂದ ದನಿ ಬಂತು:

"ಸ್ವಲ್ಪ ಅಂದ್ರೆ ಎಷ್ಟು ಡಾಕ್ಟ್ರೇ?"