ನಾಳೆ ಬಾ ಅಂದರೆ ಸಿಲಿಂಡರೂ ಬರಲ್ಲ

ನಮ್ಮ ಬೀದಿಯಲ್ಲಿ ದೆವ್ವ-ಪಿಶಾಚಿಗಳ ವಿಚಾರ ಬಂದರೆ ಕೊನೆಯ ಮಾತು ನನ್ನದೇ. ಅಮಾವಾಸ್ಯೆಯ ಮಾರನೆಯ ದಿನ ವೃತ್ತದಲ್ಲಿ ಬಿದ್ದ ನಿಂಬೆಹಣ್ಣು ದಾಟಿ ನಡೆಯುವವನು ನಾನು. ಒಮ್ಮೆ ಅದರಲ್ಲಿ ಚೆನ್ನಾಗಿದ್ದ ಒಂದನ್ನು ಆರಿಸಿ ಚಿತ್ರಾನ್ನಕ್ಕೆಂದು ಮನೆಗೂ ತಂದಿದ್ದೆ. ಆಗ ಹೆಂಡತಿ ಹೇಳಿದ ಮಾತುಗಳ ಮುಂದೆ ಯಾವ ಮಾಟವೂ ಲೆಕ್ಕಕ್ಕಿಲ್ಲ. 1976ರಲ್ಲಿ ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿ ಪವಾಡಗಳನ್ನು ಪರೀಕ್ಷಿಸುವ ಸಮಿತಿ ಕಟ್ಟಿದರಲ್ಲ, ಆಗ ನಾನು ಚಡ್ಡಿ ಹಾಕುವ ವಯಸ್ಸಿನವನಾಗಿದ್ದರಿಂದ ಮಾತ್ರ ಅದರ ಸದಸ್ಯತ್ವ ತಪ್ಪಿತು ಎಂಬ ಧಾಟಿಯಲ್ಲೇ ಇಂದಿಗೂ ಮಾತಾಡುತ್ತೇನೆ.

ಇಂಥ ವಿಚಾರವಾದಿಯನ್ನು ಎಂಟು ದಿನ ಒಬ್ಬನೇ ಬಿಟ್ಟು ಹೆಂಡತಿ ತೀರ್ಥಹಳ್ಳಿ ಕಡೆಯ ತವರಿಗೆ ಹೊರಟಳು. ಹೊರಡುವಾಗ ಹೇಳಿದ್ದು ಮೂರೇ: ಕಸದ ಗಾಡಿ ಏಳೂವರೆಗೆ ಬರುತ್ತೆ, ಹಾಲಿಗೆ ಹೆಪ್ಪು ಹಾಕೋದು ಮರೀಬೇಡಿ, ಸಿಲಿಂಡರ್ ಬುಕ್ ಮಾಡಿದೀನಿ, ಬಂದಾಗ ಮನೇಲಿರಿ. ಮೂರಕ್ಕೂ ತಲೆಯಾಡಿಸಿದೆ. ತಲೆಯಾಡಿಸುವುದರಲ್ಲಿ ನಾನು ಎಂದೂ ಹಿಂದೆ ಬಿದ್ದವನಲ್ಲ.

ಮೊದಲ ರಾತ್ರಿ ಹತ್ತೂವರೆ. ಸಿಂಕಿನ ಮುಂದೆ ನಿಂತು ಬಾಣಲೆ ಉಜ್ಜುತ್ತಿದ್ದೆ. ಸೀದ ಈರುಳ್ಳಿ ಬಿಡಲೊಲ್ಲದು. ಇದ್ದಕ್ಕಿದ್ದಂತೆ ಕತ್ತಿನ ಹಿಂಭಾಗದ ಕೂದಲು ನೆಟ್ಟಗಾದವು. ಬೆನ್ನ ಹಿಂದೆ, ಎಡಗಡೆ, ಒಂದು ಮೊಳ ದೂರದಲ್ಲಿ ಯಾರೋ ನಿಂತಿದ್ದಾರೆ. ಸದ್ದಿಲ್ಲ, ನೆರಳಿಲ್ಲ, ಉಸಿರೂ ಇಲ್ಲ. ಆದರೆ ಇದ್ದಾರೆ. ಹೊರಗಿನಿಂದ ಬಂದು ಕತ್ತಲೆ ಕೋಣೆಗೆ ಕಾಲಿಟ್ಟಾಗ ಗೋಡೆ ಎಲ್ಲಿದೆ ಅಂತ ಮೈಗೇ ಗೊತ್ತಾಗುತ್ತದಲ್ಲ, ಅಷ್ಟು ಖಚಿತವಾಗಿ ಇದ್ದಾರೆ. ಬಾಣಲೆಯನ್ನು ಗುರಾಣಿಯಂತೆ ಹಿಡಿದು ತಿರುಗಿದೆ. ಫ್ರಿಜ್ಜು ನನ್ನನ್ನೇ ನೋಡುತ್ತಿತ್ತು.

ಅವತ್ತು ಮನೆಯ ಎಲ್ಲ ದೀಪ ಹಾಕಿಯೇ ಮಲಗಿದೆ. ಭಯದಿಂದಲ್ಲ, ಬಲ್ಬುಗಳು ಸರಿಯಾಗಿವೆಯೇ ಎಂದು ನೋಡಲು. ಬಚ್ಚಲಿಗೆ ಹೋಗುವಾಗ ಹನುಮಾನ್ ಚಾಲೀಸ ಗುನುಗಿದ್ದೂ ಕೇವಲ ಸಂಗೀತದ ಮೇಲಿನ ಪ್ರೀತಿಯಿಂದ.

ಎರಡನೆಯ ದಿನ ಶಾಸ್ತ್ರೋಕ್ತವಾಗಿ ಸಂಶೋಧನೆಗೆ ಇಳಿದೆ, ಅಂದರೆ ಮೊಬೈಲ್ ಹಿಡಿದು ಕೂತೆ. ಮೊದಲು ಸಿಕ್ಕವನು ವಿಕ್ ಟ್ಯಾಂಡಿ ಎಂಬ ಇಂಗ್ಲೆಂಡಿನ ಎಂಜಿನಿಯರ್. ಈತ ಕೆಲಸ ಮಾಡುತ್ತಿದ್ದ ಪ್ರಯೋಗಾಲಯದಲ್ಲಿ ದೆವ್ವವಿದೆ ಎಂಬ ಗುಲ್ಲಿತ್ತು. ಒಂದು ರಾತ್ರಿ ಒಬ್ಬನೇ ಕೂತಿದ್ದಾಗ ಮೈ ತಣ್ಣಗೆ ಬೆವರಿ, ಕಣ್ಣಂಚಿನಲ್ಲಿ ಬೂದು ಆಕಾರವೊಂದು ಸುಳಿದು, ತಿರುಗಿದರೆ ಮಾಯ. ಮರುದಿನ ಕತ್ತಿವರಸೆಯ ಸ್ಪರ್ಧೆಗೆಂದು ತನ್ನ ಕತ್ತಿಯನ್ನು ಇಕ್ಕಳಕ್ಕೆ ಸಿಕ್ಕಿಸಿದರೆ ಅದು ತಾನಾಗಿಯೇ ಅದುರತೊಡಗಿತು. ನಾನಾಗಿದ್ದರೆ ಅಲ್ಲೇ ರಾಜೀನಾಮೆ ಬರೆಯುತ್ತಿದ್ದೆ. ಅವನು ಅಳತೆ ಮಾಡಿದ. ಹೊಸದಾಗಿ ಹಾಕಿದ್ದ ಎಕ್ಸಾಸ್ಟ್ ಫ್ಯಾನಿನಿಂದ ಸೆಕೆಂಡಿಗೆ ಸುಮಾರು 19 ಸಲ ಕಂಪಿಸುವ ಸದ್ದು ಬರುತ್ತಿತ್ತು. ಸಾಮಾನ್ಯವಾಗಿ 20ಕ್ಕಿಂತ ಕೆಳಗಿನದು ನಮ್ಮ ಕಿವಿಗೆ ಕೇಳದು, ಆದರೆ ಮೈಯನ್ನು ಅಲುಗಿಸಬಲ್ಲದು. ಫ್ಯಾನು ನಿಂತಿತು, ದೆವ್ವ ಬಿಟ್ಟಿತು. 1998ರಲ್ಲಿ ಅದನ್ನೇ ಪ್ರಬಂಧವಾಗಿ ಬರೆದ.

ನಮ್ಮ ಅಡುಗೆಮನೆಯಲ್ಲೂ ಎಕ್ಸಾಸ್ಟ್ ಫ್ಯಾನಿದೆ! ತಕ್ಷಣ ಸ್ಟೂಲು ಹತ್ತಿ ಅದರ ವೈರು ಕಿತ್ತೆ. ಇಳಿಯುವಾಗ ಸ್ಟೂಲಿನ ಒಂದು ಕಾಲು ಕುಂಟು ಎಂಬುದು ನೆನಪಾಯಿತು. ಅದನ್ನು ಸರಿಪಡಿಸುತ್ತೇನೆಂದು ಮೂರು ದೀಪಾವಳಿಗಳ ಹಿಂದೆ ನಾನೇ ಹೇಳಿದ್ದೆ. ಸೊಂಟಕ್ಕೆ ನೋವಿನ ಎಣ್ಣೆ ತಿಕ್ಕುತ್ತ ಕೂತಿದ್ದಾಗ, ಫ್ಯಾನಿಲ್ಲದ ಹೊಗೆಯ ನಡುವೆ, ಅದೇ ಎಡಗಡೆ, ಅದೇ ಒಂದು ಮೊಳ ದೂರದಲ್ಲಿ ಅವರು ಮತ್ತೆ ಬಂದು ನಿಂತರು. ಟ್ಯಾಂಡಿಯ ದೆವ್ವ ಟ್ಯಾಂಡಿಗಷ್ಟೇ.

ಆಗ ನೆನಪಾದದ್ದು ನಮ್ಮ ಕಡೆಯ ಮದ್ದು. ತೊಂಬತ್ತರ ದಶಕದಲ್ಲಿ ಬೆಂಗಳೂರಿನ ಬೀದಿಗಳಲ್ಲೂ ಎಷ್ಟೋ ಊರುಗಳಲ್ಲೂ ಬಾಗಿಲು ಬಾಗಿಲಿನ ಮೇಲೆ ‘ನಾಳೆ ಬಾ’ ಎಂದು ಬರೆದಿದ್ದರು. ರಾತ್ರಿ ಹೊತ್ತು ದೆವ್ವವೊಂದು ಮನೆಯವರದೇ ದನಿಯಲ್ಲಿ ಕರೆಯುತ್ತದೆ, ಓಗೊಟ್ಟು ಬಾಗಿಲು ತೆಗೆದರೆ ಕಥೆ ಮುಗಿಯಿತು ಎಂಬ ಪುಕಾರು. ಬರಹ ಓದಿದ ದೆವ್ವ ವಾಪಸು ಹೋಗುತ್ತದೆ, ಮರುದಿನ ಬಂದರೆ ಮತ್ತೆ ‘ನಾಳೆ ಬಾ’. ಆಗ ನಾನು ಇದನ್ನು ಎಷ್ಟು ಗೇಲಿ ಮಾಡಿದ್ದೆ! ಬೆಂಗಳೂರಿನಲ್ಲಿ ಕನ್ನಡ ಓದಲು ಬರುವುದು ದೆವ್ವಕ್ಕೊಂದೇ, ಅದನ್ನೂ ಓಡಿಸುತ್ತೀರಲ್ಲ ಎಂದಿದ್ದೆ. ಈಗ ಮೊಮ್ಮಗಳ ಸೀಮೆಸುಣ್ಣ ಹುಡುಕಿ, ಮುಂಬಾಗಿಲ ಮೇಲೆ, ಯಾರಿಗೂ ಕಾಣದಷ್ಟು ಚಿಕ್ಕದಾಗಿ ಬರೆದೆ. ಚಿಕ್ಕದಾದರೆ ದೆವ್ವಕ್ಕೂ ಕಾಣದಲ್ಲ ಎನ್ನಿಸಿ, ಅಳಿಸಿ ದೊಡ್ಡದಾಗಿ ಬರೆದೆ. ನಡುರಾತ್ರಿ ಯಾರಾದರೂ ಕರೆಗಂಟೆ ಒತ್ತಿದರೆ ಎದೆ ಒಡೆದೀತೆಂದು ಅದರ ಸ್ವಿಚ್ಚನ್ನೂ ಆರಿಸಿದೆ. ಪ್ರಯೋಗವೆಂದ ಮೇಲೆ ಎಲ್ಲ ದಿಕ್ಕಿನಿಂದಲೂ ಬಿಗಿ ಇರಬೇಕು.

ಮೂರು, ನಾಲ್ಕು, ಐದನೆಯ ದಿನ ಓದಿನಲ್ಲೇ ಕಳೆದವು. ನನ್ನ ಸ್ಥಿತಿ ಘನವಾದದ್ದೇ ಎಂದು ತಿಳಿದು ಸಮಾಧಾನವಾಯಿತು. 1916ರಲ್ಲಿ ಶ್ಯಾಕಲ್ಟನ್ ಎಂಬ ಧ್ರುವಯಾತ್ರಿಕ ಇನ್ನಿಬ್ಬರ ಜೊತೆ ದಕ್ಷಿಣ ಜಾರ್ಜಿಯಾದ ಹಿಮಪರ್ವತಗಳನ್ನು 36 ತಾಸು ನಡೆದು ದಾಟಿದ. ದಾರಿಯುದ್ದಕ್ಕೂ ತಾವು ಮೂವರಲ್ಲ, ನಾಲ್ವರು ಎಂದೇ ಅವನಿಗೆ ಅನ್ನಿಸುತ್ತಿತ್ತು. 1933ರಲ್ಲಿ ಫ್ರಾಂಕ್ ಸ್ಮೈತ್ ಎವರೆಸ್ಟಿನ ಮೇಲೆ ಒಬ್ಬನೇ ಏರುತ್ತಿದ್ದಾಗ, ಜೊತೆಗೆ ಯಾರೋ ಇದ್ದಾರೆಂದು ಎಷ್ಟು ನಂಬಿದನೆಂದರೆ, ಜೇಬಿನ ಪುದೀನ ಮಿಠಾಯಿ ಮುರಿದು ಅರ್ಧವನ್ನು ಕೊಡಲು ಕೈ ಚಾಚಿ ತಿರುಗಿದ. ಓದುತ್ತ ಓದುತ್ತ ನಾನೂ ಊಟದ ಮೇಜಿನತ್ತ ನೋಡಿದೆ. ಎರಡು ತಟ್ಟೆ ಹಾಕಿದ್ದೆ. ವ್ಯತ್ಯಾಸವಿಷ್ಟೆ: ಅವರಿಗೆ ಹಿಮ, ಹಸಿವು, ಉಸಿರಾಡಲು ಗಾಳಿಯ ಕೊರತೆ. ನನಗೆ ಮೂರು ಬೆಡ್ರೂಮು, ನಿನ್ನೆಯ ಸಾರು.

ಕಾರಣ ಸಿಕ್ಕಿದ್ದು ಸ್ವಿಟ್ಜರ್ಲೆಂಡಿನಲ್ಲಿ. 2006ರಲ್ಲಿ ಒಲಾಫ್ ಬ್ಲಾಂಕೆ ಮತ್ತು ಸಂಗಡಿಗರು ಅಪಸ್ಮಾರದ ಚಿಕಿತ್ಸೆಗಾಗಿ ಒಬ್ಬ ತರುಣಿಯ ಮಿದುಳನ್ನು ಪರೀಕ್ಷಿಸುತ್ತಿದ್ದರು. ಎಡಗಿವಿಯ ಮೇಲ್ಗಡೆ, ಸ್ವಲ್ಪ ಹಿಂದಿರುವ ಒಂದು ಭಾಗಕ್ಕೆ ಸಣ್ಣ ವಿದ್ಯುತ್ ಕೊಟ್ಟಾಗ ಆಕೆ, ನನ್ನ ಹಿಂದೆ ಯಾರೋ ಇದ್ದಾರೆ ಎಂದಳು. ಅವಳು ಮಲಗಿದರೆ ಅವನೂ ಮಲಗಿದ. ಮೊಣಕಾಲು ತಬ್ಬಿ ಕೂತರೆ ಅವನೂ ಕೂತು ಅವಳನ್ನೇ ತಬ್ಬಿದ. ಓದಲು ಕಾರ್ಡು ಹಿಡಿದರೆ ಕಸಿಯಲು ಬಂದ. ಅಂದರೆ ಆ ‘ಯಾರೋ’ ಬೇರಾರೂ ಅಲ್ಲ, ಅವಳದೇ ಮೈ. ಕಣ್ಣು, ಚರ್ಮ, ಸಮತೋಲ ಇವೆಲ್ಲ ಕಳಿಸುವ ವರದಿಗಳನ್ನು ಕೂಡಿಸಿ ‘ನೀನು ಇಲ್ಲಿದ್ದೀಯ’ ಎಂದು ಹೇಳುವ ಕೆಲಸ ಮಿದುಳಿನದು. ಲೆಕ್ಕ ತಪ್ಪಿದರೆ ನಮ್ಮನ್ನೇ ಪಕ್ಕದ ಮನೆಯವರೆಂದು ಬರೆದುಕೊಳ್ಳುತ್ತದೆ.

2014ರಲ್ಲಿ ಅದೇ ತಂಡ ಇದನ್ನು ಗಟ್ಟಿಮುಟ್ಟಾದವರ ಮೇಲೂ ಮಾಡಿ ನೋಡಿತು. ಕಣ್ಣು ಕಟ್ಟಿಸಿಕೊಂಡವರು ಮುಂದಿನ ಸನ್ನೆಕೋಲನ್ನು ಬೆರಳಿನಿಂದ ಆಡಿಸಿದರೆ, ಹಿಂದಿರುವ ಯಂತ್ರದ ಕೈ ಅದೇ ರೀತಿ ಅವರ ಬೆನ್ನು ತಟ್ಟುತ್ತಿತ್ತು. ಕೂಡಲೇ ತಟ್ಟಿದರೆ ಏನೂ ಇಲ್ಲ. ಅರ್ಧ ಸೆಕೆಂಡು ತಡವಾಗಿ ತಟ್ಟಿದರೆ ಕೆಲವರಿಗೆ ಹಿಂದೆ ಬೇರೊಬ್ಬರಿದ್ದಾರೆ ಎನ್ನಿಸಿತು. ಇಬ್ಬರಂತೂ ಸಾಕು, ನಿಲ್ಲಿಸಿ ಎಂದರಂತೆ. ಕೇವಲ ಅರ್ಧ ಸೆಕೆಂಡಿನ ತಡಕ್ಕೆ ಒಂದು ದೆವ್ವ! ಹೆಂಡತಿ ಹೇಳಿದ ಮಾತು ನನ್ನ ತಲೆಗೆ ಇಳಿಯುವಷ್ಟರಲ್ಲಿ ಅರ್ಧ ದಿನ ಆಗಿರುತ್ತದೆ. ಆ ಲೆಕ್ಕದಲ್ಲಿ ನಮ್ಮ ಮನೆಯಲ್ಲಿ ಒಂದು ಊರಿನಷ್ಟು ದೆವ್ವಗಳಿರಬೇಕು.

ಇಷ್ಟೆಲ್ಲ ಅರ್ಥವಾದ ಮೇಲೆ, ಆರನೆಯ ರಾತ್ರಿ, ಧೈರ್ಯವಾಗಿ ಉಪ್ಪಿಟ್ಟಿಗೆ ಒಗ್ಗರಣೆ ಹಾಕಿದೆ. ಬೆನ್ನ ಹಿಂದಿನವರು ಬಂದರು. ನೀನು ನನ್ನದೇ ಮಿದುಳಿನ ತಪ್ಪು ಲೆಕ್ಕ, ಹೋಗು ಎಂದು ಗಟ್ಟಿಯಾಗಿ ಹೇಳಿದೆ. ಹೇಳಿ ಮುಗಿಸುವಷ್ಟರಲ್ಲಿ ಒಲೆಯ ಉರಿ ಎರಡು ಸಲ ನಡುಗಿ, ಫುಸ್ ಎಂದು ತಾನೇ ಆರಿಹೋಯಿತು.

ಮುಂದಿನ ನೆನಪು, ನಾನು ಎದುರುಮನೆಯ ಜಗಲಿಯ ಮೇಲೆ ಸೌಟು ಹಿಡಿದು ಕೂತಿರುವುದು. ಏನ್ ಸಾರ್ ಇಷ್ಟೊತ್ತಲ್ಲಿ ಎಂದರು ಅವರು. ಸಪ್ತರ್ಷಿ ಮಂಡಲ ನೋಡ್ತಿದೀನಿ ಎಂದೆ. ಅವರೂ ತಲೆಯೆತ್ತಿ ನೋಡಿದರು. ಆಕಾಶದ ತುಂಬ ಮೋಡವಿತ್ತು.

ಎಂಟನೆಯ ದಿನ ಹೆಂಡತಿ ಬಂದಳು. ಕೈಯಲ್ಲಿ ಅಪ್ಪೆಮಿಡಿಯ ಭರಣಿ, ಕಣ್ಣು ಬಾಗಿಲ ಮೇಲೆ. ತವರಿನಲ್ಲಿ ಸಿಗ್ನಲ್ಲಿಲ್ಲದೆ ಸತ್ತಂತಿದ್ದ ಅವಳ ಫೋನಿಗೆ ಬಸ್ಸು ಘಾಟಿ ದಾಟಿದ ಮೇಲೆ ಜೀವ ಬಂದು ಸಂದೇಶಗಳು ಉದುರಿದ್ದವಂತೆ. ಸಿಲಿಂಡರಿನ ಹುಡುಗ ಮೂರನೆಯ ದಿನ ಬಂದಿದ್ದ. ಕರೆಗಂಟೆ ಸದ್ದಿಲ್ಲ, ಬಾಗಿಲ ಮೇಲೆ ‘ನಾಳೆ ಬಾ’. ವಿಧೇಯನಾಗಿ ಮರಳಿದ. ನಾಲ್ಕನೆಯ ದಿನ ಬಂದ, ಮತ್ತೆ ‘ನಾಳೆ ಬಾ’. ಐದನೆಯ ದಿನ ಬುಕಿಂಗೇ ರದ್ದು. ಆರನೆಯ ರಾತ್ರಿ ನನ್ನ ಒಲೆ ಆರಿಸಿದವನು ಯಾರೆಂದು ಹೊಸ್ತಿಲಲ್ಲೇ ಗೊತ್ತಾಯಿತು. ಅವನ ಕೈಗೆ ಸೀಮೆಸುಣ್ಣ ಇನ್ನೂ ಅಂಟಿತ್ತು.

ನಾನು ಶ್ಯಾಕಲ್ಟನ್ನಿನಿಂದ ಶುರುಮಾಡಿ ಅರ್ಧ ಸೆಕೆಂಡಿನವರೆಗೆ ಎಲ್ಲ ವಿವರಿಸಿದೆ. ಅವಳು ಭರಣಿ ಕೆಳಗಿಟ್ಟು ಶಾಂತವಾಗಿ ಕೇಳಿದಳು. ಆಮೇಲೆ ಹೇಳಿದಳು: “ನಂಗೂ ಇಪ್ಪತ್ತೆಂಟು ವರ್ಷದಿಂದ ಈ ಮನೇಲಿ ಯಾರೋ ಇದಾರೆ ಅನ್ನಿಸ್ತಾನೇ ಇದೆ. ಒದ್ದೆ ಟವಲ್ಲು ಮಂಚದ ಮೇಲಿರತ್ತೆ. ಕಾಫಿ ಲೋಟ ಖಾಲಿಯಾಗಿರತ್ತೆ. ಯಾರೂ ಇಲ್ಲದ ರೂಮಲ್ಲಿ ಫ್ಯಾನು ತಿರುಗ್ತಿರತ್ತೆ. ಕಸದ ಗಾಡಿ ಬಂದಾಗ ಕರೆದು ನೋಡಿದ್ರೆ ಮಾತ್ರ, ಯಾರೂ ಇಲ್ಲ.”

ಓದುಗರಲ್ಲಿ ನನ್ನದೊಂದು ಅರಿಕೆ. ಮನೆಯಲ್ಲಿ ಒಬ್ಬರೇ ಇದ್ದಾಗ, ದಣಿದ ರಾತ್ರಿಯಲ್ಲಿ, ಬೆನ್ನ ಹಿಂದೆ ಯಾರೋ ನಿಂತಂತೆ ಅನ್ನಿಸಿದರೆ ಹೆದರಬೇಡಿ. ಮಿದುಳು ನಿಮ್ಮನ್ನೇ ಎರಡು ಸಲ ಎಣಿಸಿರಬಹುದು. ದೀಪ ಹಾಕಿ, ನೀರು ಕುಡಿದು, ಮಲಗಿ. ಆದರೆ ಬಾಗಿಲ ಮೇಲೆ ಏನನ್ನೂ ಬರೆಯಬೇಡಿ. ಬರೆಯದೆ ಇರಲಾರೆ ಎಂದಾದರೆ, ಕೆಳಗೆ ಇನ್ನೊಂದು ಸಾಲು ಸೇರಿಸಿ: ಸಿಲಿಂಡರಿನವರಿಗೆ ಇದು ಅನ್ವಯಿಸುವುದಿಲ್ಲ.