ಋಣಮೀಮಾಂಸೆ ಅಥವಾ ದೇವದತ್ತನ ಮನೆಖರ್ಚಿನ ಶಾಸ್ತ್ರವಿಚಾರ

ವೇದಾಧ್ಯಯನ ಮುಗಿಸಿದವನಿಗೆ ಧರ್ಮವನ್ನು ತಿಳಿಯುವ ಬಯಕೆ ಹುಟ್ಟುತ್ತದೆ ಎಂದು ಪೂರ್ವಮೀಮಾಂಸಕರ ಮತ. ಋಣವನ್ನು ತಿಳಿಯುವ ಬಯಕೆಗೆ ಅಷ್ಟು ಸಿದ್ಧತೆ ಬೇಡ. ತಿಂಗಳ 5ನೇ ತಾರೀಖು ಬೆಳಿಗ್ಗೆ, ಇನ್ನೂ ಹಲ್ಲುಜ್ಜುವ ಮೊದಲೇ, ಕಂತು ಕಡಿತವಾದ ಸಂದೇಶ ಫೋನಿಗೆ ಬಂದೊಡನೆ ಅದು ತಾನಾಗಿ ಹುಟ್ಟುತ್ತದೆ. 7ನೇ ತಾರೀಖಿನ ಹೊತ್ತಿಗೆ ತಾನಾಗಿ ಶಮನವಾಗುತ್ತದೆ. ಈ ಎರಡು ದಿನಗಳಲ್ಲಿ ಓದಿ ಮುಗಿಸಬಹುದಾದ ಶಾಸ್ತ್ರಗ್ರಂಥ ಕನ್ನಡದಲ್ಲಿಲ್ಲ ಎಂಬ ಕೊರತೆಯನ್ನು ನೀಗಲು ಪ್ರಕೃತ ಪ್ರಬಂಧ ಹೊರಟಿದೆ.

ಶಾಸ್ತ್ರಕ್ಕೆ ಮೊದಲು ಅಧಿಕಾರಿ ಯಾರೆಂದು ಹೇಳಬೇಕು. ಸಾಲವೇ ಇಲ್ಲದವನಿಗೆ ಇದರಲ್ಲಿ ಅಧಿಕಾರವಿಲ್ಲ. ಅವನು ಈ ಪುಟ ಬಿಟ್ಟು ಅಡುಗೆ ಅಂಕಣ ಓದಬಹುದು. ಊರು ಬಿಟ್ಟು ಓಡುವಷ್ಟು ಸಾಲ ಮಾಡಿದವನಿಗೂ ಇಲ್ಲ. ಅವನ ಶಾಸ್ತ್ರವೇ ಬೇರೆ. ಇವೆರಡರ ನಡುವೆ, ಮೈಸೂರಿನ ವಿಜಯನಗರ ನಾಲ್ಕನೇ ಹಂತದಲ್ಲಿ 30x40 ಸೈಟಿನ ಮನೆಯಲ್ಲಿರುವ ದೇವದತ್ತನೇ ನಮ್ಮ ಅಧಿಕಾರಿ. ಕೈಗೆ ಬರುವ ಸಂಬಳ 82,000. ಗೃಹಸಾಲ 30 ಲಕ್ಷ, ಬಡ್ಡಿ ಶೇ. 9, ಅವಧಿ 20 ವರ್ಷ, ಕಂತು 26,992. ಕ್ರೆಡಿಟ್ ಕಾರ್ಡಿನ ಬಾಕಿ 50,000. ಕಚೇರಿಯ ಸಹಕಾರ ಸಂಘದ ಸಾಲ 18,000. ಇಷ್ಟೆಲ್ಲ ಇದ್ದೂ ‘ಕಷ್ಟಕಾಲಕ್ಕೆ ಇರಲಿ’ ಎಂದು ಒಂದು ಲಕ್ಷದ ಠೇವಣಿ. ತರ್ಕಶಾಸ್ತ್ರದಲ್ಲಿ ಈ ದೇವದತ್ತ ಬಹಳ ಹಳಬ. ಶತಮಾನಗಳಿಂದ ಪಂಡಿತರು ಅವನನ್ನು ಊರಿಂದೂರಿಗೆ ಅಲೆಸಿದ್ದಾರೆ, ಹಸು ತಾ ಎಂದು ಅಟ್ಟಿದ್ದಾರೆ. ಅವನ ಹೆಂಡತಿಯ ಹೆಸರನ್ನು ಮಾತ್ರ ಯಾರೂ ಬರೆದಿಟ್ಟಿಲ್ಲವಾದ್ದರಿಂದ ಇಲ್ಲಿಯೂ ಅವಳು ಮನೆಯಾಕೆ.

ಪ್ರಮಾಣ ವಿಚಾರ

ದುಡ್ಡು ಎಲ್ಲಿಗೆ ಹೋಯಿತೆಂದು ತಿಳಿಯುವ ಬಗೆಗಳೆಷ್ಟು? ಭಾಟ್ಟ ಮೀಮಾಂಸಕರು ಒಪ್ಪಿದ ಆರು ಪ್ರಮಾಣಗಳೂ ಇಲ್ಲಿ ಕೆಲಸಕ್ಕೆ ಬರುತ್ತವೆ. ಮೊದಲನೆಯದು ಪ್ರತ್ಯಕ್ಷ. ಇದು ಈಚೆಗೆ ದುರ್ಬಲವಾಗಿದೆ. ಐನೂರರ ನೋಟು ಮುರಿಸುವಾಗ ಮುಂಚೆ ಕಣ್ಣಿಗೂ ಕೈಗೂ ಒಂದು ನೋವಿತ್ತು. 2016ರಲ್ಲಿ ಯುಪಿಐ ಬಂದ ಮೇಲೆ ದುಡ್ಡು ಹೋದದ್ದನ್ನು ಅಂಗಡಿಯ ಧ್ವನಿಪೆಟ್ಟಿಗೆ ಕೂಗಿ ಹೇಳುತ್ತದೆ, ಅದೂ ದುಡ್ಡು ಬಂದವನಿಗೆ. ಕಳೆದುಕೊಂಡವನು ಆ ಹೊತ್ತಿಗೆ ಸ್ಕೂಟರ್ ಹತ್ತಿರುತ್ತಾನೆ. ಅನುಮಾನದ ಬಗ್ಗೆ ವಿಸ್ತರಿಸುವುದಿಲ್ಲ; ದಂಪತಿಗಳಿಬ್ಬರಿಗೂ ಪರಸ್ಪರ ಅದು ಧಾರಾಳವಾಗಿದೆ. ಉಪಮಾನವೆಂದರೆ ಎದುರು ಮನೆಯ ಯಜ್ಞದತ್ತ ಕೊಂಡ ಕಾರು. ಶಬ್ದಪ್ರಮಾಣವೆಂದರೆ ಬ್ಯಾಂಕಿನಿಂದ ಬರುವ ಫೋನ್ ಕರೆ, “ಸರ್, ನಿಮಗೆ ಮಾತ್ರ ಈ ಆಫರ್” ಎಂಬುದು. ಇದು ಆಪ್ತವಾಕ್ಯವೇ ಎಂಬಲ್ಲಿ ವಿವಾದವಿದೆ.

ನಿಜವಾಗಿ ಮನೆಖರ್ಚಿಗೆ ಒದಗುವುದು ಅರ್ಥಾಪತ್ತಿ. ದೇವದತ್ತ ದಪ್ಪಗಿದ್ದಾನೆ, ಹಗಲು ಊಟ ಮಾಡುವುದಿಲ್ಲ; ಆದ್ದರಿಂದ ರಾತ್ರಿ ಉಣ್ಣುತ್ತಾನೆಂದು ಕಲ್ಪಿಸಲೇಬೇಕು ಎಂಬುದು ಶಾಸ್ತ್ರದ ಹಳೆಯ ಉದಾಹರಣೆ. ಸಂಬಳ ಬಂದಿದೆ, ‘ನಾನೇನೂ ಖರ್ಚು ಮಾಡಿಲ್ಲ’ ಎಂದು ಮನೆಮಂದಿಯೆಲ್ಲ ಆಣೆ ಮಾಡುತ್ತಾರೆ, 24ನೇ ತಾರೀಖಿಗೆ ಖಾತೆಯಲ್ಲಿ 611 ರೂಪಾಯಿ ಇದೆ. ಹಾಗಾದರೆ ಯಾರೋ ರಾತ್ರಿ ಹನ್ನೊಂದರ ಮೇಲೆ ಊಟ ತರಿಸುವ ಆ್ಯಪ್ ತೆರೆಯುತ್ತಿದ್ದಾರೆ. ಪಂಡಿತರು ಅಷ್ಟು ಹಿಂದೆಯೇ ದೇವದತ್ತನ ಗುಟ್ಟು ಹಿಡಿದಿದ್ದರೆಂಬುದು ಬೆರಗಿನ ವಿಷಯ. ಆರನೆಯದಾದ ಅನುಪಲಬ್ಧಿಯಿಂದ ತಿಳಿಯುವುದು ಆ 611 ಕೂಡ ಉಳಿದಿಲ್ಲವೆಂಬುದನ್ನು.

ವೃದ್ಧಿ ವಿಚಾರ

ಸಾಲ ಮಾಡಿ ತುಪ್ಪ ಕುಡಿ ಎಂದ ಚಾರ್ವಾಕರ ಮತವನ್ನು ನಮಗೆ ಮುಟ್ಟಿಸಿದ್ದು ವಿಜಯನಗರ ಸಾಮ್ರಾಜ್ಯದ ಮಾಧವಾಚಾರ್ಯರದೆಂದು ಹೇಳಲಾಗುವ ‘ಸರ್ವದರ್ಶನಸಂಗ್ರಹ’. ಅಲ್ಲಿ ಬಡ್ಡಿಯ ದರ ನಮೂದಾಗಿಲ್ಲ. ಸತ್ತ ಮೇಲೆ ಯಾರು ಬಂದು ವಸೂಲು ಮಾಡುತ್ತಾರೆ ಎಂಬುದು ಆ ಮತದ ಧೈರ್ಯ. ಸಾಲಪತ್ರದಲ್ಲಿ ಹೆಂಡತಿಯ ಸಹಿಯನ್ನೂ ಹಾಕಿಸಿಕೊಳ್ಳುವ ಪದ್ಧತಿ ಚಾರ್ವಾಕರಿಗೆ ಗೊತ್ತಿದ್ದಂತಿಲ್ಲ.

ದರ ಬೇಕೆಂದರೆ ಕೌಟಿಲ್ಯನ ಬಳಿ ಹೋಗಬೇಕು. ಅವನ ‘ಅರ್ಥಶಾಸ್ತ್ರ’ದ ತಾಳೆಗರಿ ಆರ್. ಶಾಮಶಾಸ್ತ್ರಿಗಳ ಕೈಗೆ ಬಂದು 1909ರಲ್ಲಿ ಅಚ್ಚಾದದ್ದು ಈ ಮೈಸೂರಿನಲ್ಲೇ, ದೇವದತ್ತನ ಮನೆಯಿಂದ ಆಟೋದಲ್ಲಿ ಹೋಗಬಹುದಾದಷ್ಟು ದೂರದಲ್ಲಿ. ಅದರ ಪ್ರಕಾರ ನೂರು ಪಣಕ್ಕೆ ತಿಂಗಳಿಗೆ ಒಂದೂಕಾಲು ಪಣ ಧರ್ಮಸಮ್ಮತ ಬಡ್ಡಿ, ವ್ಯಾಪಾರಿಗಳಿಗೆ 5, ಕಾಡು ದಾಟಿ ಸರಕು ಒಯ್ಯುವವರಿಗೆ 10, ಸಮುದ್ರಯಾನ ಮಾಡುವವರಿಗೆ 20. ದೇವದತ್ತನ ಕಾರ್ಡಿನ ಬಡ್ಡಿ ತಿಂಗಳಿಗೆ ಶೇ. 3.5. ಅವನು ಹಡಗು ಹತ್ತಿಲ್ಲ, ಕಾಡಿಗೂ ಹೋಗಿಲ್ಲ, ದೇವರಾಜ ಮಾರ್ಕೆಟ್ಟಿಗೆ ಹೋಗಿಬಂದಿದ್ದಾನೆ ಅಷ್ಟೆ. ಆದರೂ ಧರ್ಮದ ಗಡಿ ದಾಟಿ ವರ್ತಕನ ದಾರಿಯಲ್ಲಿ ಅರ್ಧಕ್ಕಿಂತ ಹೆಚ್ಚು ನಡೆದಾಗಿದೆ.

ಅದರ ಲೆಕ್ಕ ಹೀಗೆ: 50,000ಕ್ಕೆ ತಿಂಗಳ ಬಡ್ಡಿ 1,750. ಆ ಬಡ್ಡಿಗೆ ಶೇ. 18ರಂತೆ ಜಿಎಸ್‌ಟಿ 315. ಬಾಕಿಯ ಶೇ. 5 ಅಂದರೆ 2,500 ರೂಪಾಯಿ ‘ಕನಿಷ್ಠ ಮೊತ್ತ’ ಕಟ್ಟಿದರೆ ಸಾಕೆಂದು ಕಾರ್ಡು ಸೌಜನ್ಯದಿಂದ ತಿಳಿಸುತ್ತದೆ. ಕಟ್ಟಿ ಬಂದ ದೇವದತ್ತ ಹಗುರಾಗುತ್ತಾನೆ. ಅಸಲು 435 ರೂಪಾಯಿಯಷ್ಟು ಹಗುರಾಗುತ್ತದೆ. ಬಾಕಿ ಉಳಿಸಿಕೊಂಡವನಿಗೆ ಬಡ್ಡಿರಹಿತ ದಿನಗಳ ಸವಲತ್ತೂ ಇಲ್ಲ. ಇವತ್ತು ಕಾರ್ಡು ಉಜ್ಜಿ ತಂದ ಹಾಲಿಗೆ ಅದು ಕಾಯುವ ಮೊದಲೇ ಬಡ್ಡಿ ಶುರು.

ಗೃಹಸಾಲ ಇದಕ್ಕಿಂತ ಸಭ್ಯ. ಮೊದಲ ಕಂತಿನ 26,992ರಲ್ಲಿ 22,500 ಬಡ್ಡಿಗೆ, 4,492 ಅಸಲಿಗೆ. ಇಪ್ಪತ್ತು ವರ್ಷಕ್ಕೆ ಒಟ್ಟು ಬಡ್ಡಿ 34.78 ಲಕ್ಷ, ಅಂದರೆ ಅಸಲಿಗಿಂತ ಹೆಚ್ಚು. ಬಡ್ಡಿ ಅಸಲನ್ನು ಮೀರಬಾರದೆಂಬ ಧರ್ಮಶಾಸ್ತ್ರದ ಹಳೆಯ ಕಟ್ಟಳೆ, ಮುಂಬೈ ಪ್ರಾಂತದ ಕೋರ್ಟುಗಳು ದಾಮ್‌ದುಪಟ್ ಎಂದು ಕರೆದದ್ದು, ಇಲ್ಲಿ ಮುರಿಯಿತಲ್ಲ ಎಂದು ದೇವದತ್ತ ಹಾರಾಡಿದ. ಮುರಿದಿಲ್ಲ. ಒಂದೇ ಸಲಕ್ಕೆ ಕೇಳುವ ಬಡ್ಡಿಗೆ ಆ ಕಟ್ಟಳೆ. ಬ್ಯಾಂಕು ಪ್ರತಿ ತಿಂಗಳೂ ಸ್ವಲ್ಪ ಸ್ವಲ್ಪವೇ ಕೇಳುತ್ತದೆ.

ನಿತ್ಯ, ನೈಮಿತ್ತಿಕ, ಕಾಮ್ಯ

ಇನ್ನು ಶಾಸ್ತ್ರದ ಹೊಟ್ಟೆಗೆ ಬರೋಣ. ಕರ್ಮಗಳು ಮೂರು ಬಗೆ: ದಿನವೂ ಮಾಡಲೇಬೇಕಾದ ನಿತ್ಯ, ಸಂದರ್ಭ ಒದಗಿದಾಗ ಮಾಡಬೇಕಾದ ನೈಮಿತ್ತಿಕ, ಬಯಕೆಯಿಂದ ಮಾಡುವ ಕಾಮ್ಯ. ಖರ್ಚಿಗೂ ಇದೇ ವಿಭಾಗ. ಸಂಧ್ಯಾವಂದನೆಯಂಥ ನಿತ್ಯಕರ್ಮವನ್ನು ಮಾಡಿದರೆ ವಿಶೇಷ ಪುಣ್ಯವಿಲ್ಲ, ಬಿಟ್ಟರೆ ಮಾತ್ರ ದೋಷ ಎಂಬುದು ಒಂದು ಪ್ರಸಿದ್ಧ ಮತ. ಮನೆಸಾಲದ ಕಂತಿಗೆ ಇದಕ್ಕಿಂತ ಒಪ್ಪುವ ಲಕ್ಷಣ ಸಿಗದು. ಕಟ್ಟಿದರೆ ಬ್ಯಾಂಕಿನವರು ಫೋನು ಮಾಡಿ ಶಹಭಾಸ್ ಅನ್ನುವುದಿಲ್ಲ. ಒಂದು ತಿಂಗಳು ತಪ್ಪಿದರೆ ದಂಡ, ಸಿಬಿಲ್ ಅಂಕಕ್ಕೆ ಪೆಟ್ಟು, ಜಾಮೀನು ನಿಂತ ಭಾವನ ಮುಖದಲ್ಲಿ ಬದಲಾವಣೆ.

ಹಾಲು, ಅಕ್ಕಿ, ವಿದ್ಯುತ್ತು, ಶಾಲೆಯ ಫೀಸು ನಿತ್ಯ. ಮದುವೆ, ಮುಂಜಿ, ಗೃಹಪ್ರವೇಶ ನೈಮಿತ್ತಿಕ. ನೈಮಿತ್ತಿಕದೊಳಗೆ ಮುಯ್ಯಿ ಎಂಬುದಕ್ಕೆ ಪ್ರತ್ಯೇಕ ಭಾಷ್ಯ ಬೇಕು. ಯಾರ ಮದುವೆಗೆ ಯಾರು ಎಷ್ಟು ಓದಿಸಿದರೆಂದು ನೋಟುಬುಕ್ಕಿನಲ್ಲಿ ಬರೆದಿಟ್ಟುಕೊಂಡು, ಅವರ ಮನೆಯ ಕಾರ್ಯಕ್ಕೆ ಅಷ್ಟಕ್ಕೆ ಕಡಿಮೆಯಾಗದಂತೆ ಹಿಂದಿರುಗಿಸುವ ಈ ಪದ್ಧತಿ ಬಡ್ಡಿಯಿಲ್ಲದ ಸಾಲವೆಂದು ಕೆಲವರು ಹೊಗಳುತ್ತಾರೆ. ಬಡ್ಡಿಯಿಲ್ಲ ನಿಜ. ಆದರೆ ಹೋಗಿಬರುವ ಬಾಡಿಗೆ ಕಾರು, ಅದಕ್ಕೆಂದೇ ಹೊಲಿಸಿದ ರವಿಕೆ, ದಾರಿಯಲ್ಲಿ ಮಕ್ಕಳಿಗೆ ಐಸ್‌ಕ್ರೀಮು ಕೂಡಿಸಿದರೆ ಕೌಟಿಲ್ಯನ ಸಮುದ್ರಯಾನದ ದರ ಹತ್ತಿರವಾಗುತ್ತದೆ.

ಈ ಮೂರು ಮನೆಗಳು ಬೇರೆಬೇರೆ ಇದ್ದಿದ್ದರೆ ಶಾಸ್ತ್ರವೇ ಬೇಕಿರಲಿಲ್ಲ. ಖರ್ಚಿಗೆ ಬಡ್ತಿಯ ಸ್ವಭಾವವಿದೆ. ಪ್ರಬಂಧಕಾರನ ಶೋಧವೆಂದರೆ ಇದೊಂದೇ. ಒಂದು ಶುಕ್ರವಾರ ಸಂಜೆ ಮಗಳಿಗೆ ಗಣಿತದಲ್ಲಿ ಒಳ್ಳೆಯ ಅಂಕ ಬಂತೆಂದು ಹೊರಗೆ ಮಸಾಲೆದೋಸೆ ತಿಂದರು: ಕಾಮ್ಯ. ಮುಂದಿನ ಶುಕ್ರವಾರ ಅಂಕ ಕಡಿಮೆ ಬಂದು ಮುಖ ಸಪ್ಪಗಾಗಿತ್ತು, ಸಮಾಧಾನಕ್ಕೆ ತಿಂದರು: ನೈಮಿತ್ತಿಕ. ಮೂರನೆಯ ಶುಕ್ರವಾರ ಪರೀಕ್ಷೆಯೇ ಇರಲಿಲ್ಲ. ‘ಇವತ್ತು ಶುಕ್ರವಾರ ಅಲ್ವಾ’ ಎಂದು ಎಲ್ಲರೂ ಚಪ್ಪಲಿ ಹಾಕಿಕೊಂಡು ನಿಂತಿದ್ದರು: ನಿತ್ಯ. ಇನ್ನು ಬಿಟ್ಟರೆ ದೋಷ. ವರ್ಷಕ್ಕೊಮ್ಮೆ ವರಮಹಾಲಕ್ಷ್ಮಿಗೆ ತೆಗೆಯುತ್ತಿದ್ದ ಸೀರೆ ಹೀಗೆಯೇ ತಿಂಗಳ ‘ಸೀರೆ ಚೀಟಿ’ಯಾಯಿತು. ಒಂದು ಸಿನಿಮಾ ನೋಡಲೆಂದು ತೆಗೆದುಕೊಂಡ ಒಟಿಟಿ ಚಂದಾ ಸಿನಿಮಾ ಮರೆತುಹೋದ ಮೇಲೂ ತಿಂಗಳು ತಿಂಗಳು ಖಾತೆಯಿಂದ ಜಾರುತ್ತಿದೆ. ಇದು ನಿತ್ಯಗಳಲ್ಲೇ ಪರಮನಿತ್ಯ. ಯಜಮಾನನಿಗೆ ತಿಳಿಯದೆ ನಡೆಯುವ ಯಾಗ.

ಬಡ್ತಿ ಪಡೆದ ಖರ್ಚು ಹಿಂಬಡ್ತಿ ಪಡೆದ ದಾಖಲೆ ಅಪರೂಪ. ಹೀಗಾಗಿ ಖರ್ಚು ಹಿಡಿಯುವುದೆಂದರೆ ಕಾಮ್ಯವನ್ನು ಕೊಲ್ಲುವುದಲ್ಲ, ಅದನ್ನು ಕಾಮ್ಯದಲ್ಲೇ ಕೂರಿಸುವುದು. ದೋಸೆ ತಿನ್ನಲಿ, ಆದರೆ ಪ್ರತಿ ಸಲವೂ ‘ಆಸೆಯಾಯಿತು, ತಿಂದೆವು’ ಎಂದೇ ಬರೆದಿಡಲಿ.

ಏರ್ ಫ್ರೈಯರ್ ಅಧಿಕರಣ

*ವಿಷಯ:* 8,999 ಎಂದು ಬರೆದು ಹೊಡೆದುಹಾಕಿ 4,999 ಎಂದು ಬರೆದ ಏರ್ ಫ್ರೈಯರ್.

*ಸಂಶಯ:* ಇದು ಖರ್ಚೋ, ಉಳಿತಾಯವೋ?

*ಪೂರ್ವಪಕ್ಷ:* ಉಳಿತಾಯವೇ, ಎನ್ನುತ್ತಾನೆ ದೇವದತ್ತ. ಒಟ್ಟು 4,000 ಉಳಿಯಿತು. ಆ 4,000ವನ್ನು ಮನೆಸಾಲಕ್ಕೆ ಕಟ್ಟಬಹುದು. ಎಣ್ಣೆ ಕಡಿಮೆ ಹಿಡಿಯುವುದರಿಂದ ಆರೋಗ್ಯ, ಆರೋಗ್ಯವಾದ್ದರಿಂದ ನಿತ್ಯ. ಮೇಲಾಗಿ ಶೂನ್ಯಬಡ್ಡಿಯ ಆರು ಕಂತು.

*ಉತ್ತರಪಕ್ಷ:* “ಆ ಉಳಿದ ನಾಲ್ಕು ಸಾವಿರ ಎಲ್ಲಿದೆ, ಕೊಡಿ ಇಲ್ಲಿ, ಈಗ್ಲೇ ಕಟ್ಬಿಡೋಣ” ಎಂದು ಮನೆಯಾಕೆ ಕೈಚಾಚುತ್ತಾಳೆ. ಇಲ್ಲಿಗೆ ಮೊದಲ ಹೇತು ಬಿತ್ತು. “ಹೋದ ವರ್ಷ ತಂದ ಓವನ್ ಮೇಲೆ ಮಡಿಚಿದ ಬಟ್ಟೆ ಇಡ್ತಿದೀವಿ ರೀ.” ಎರಡನೆಯದೂ ಬಿತ್ತು. ಮೂರನೆಯದಕ್ಕೆ ಅವಳು ಉತ್ತರಿಸಬೇಕಿಲ್ಲ. ಶೂನ್ಯಬಡ್ಡಿ ಎಂಬ ವಸ್ತುವೇ ಇಲ್ಲವೆಂದು ರಿಸರ್ವ್ ಬ್ಯಾಂಕ್ 2013ರಲ್ಲೇ ಬ್ಯಾಂಕುಗಳಿಗೆ ತಿಳಿಸಿದೆ. ಶಾಸ್ತ್ರದಲ್ಲಿ ಇಂಥದ್ದಕ್ಕೆ ಮೊಲದ ಕೊಂಬು ಎನ್ನುತ್ತಾರೆ. ಬಡ್ಡಿ ಬೆಲೆಯೊಳಗೆ ಅಡಗಿರುತ್ತದೆ, ಇಲ್ಲವೇ ಸಂಸ್ಕರಣಾ ಶುಲ್ಕ ಎಂಬ ವೇಷದಲ್ಲಿ ಬರುತ್ತದೆ.

*ಸಿದ್ಧಾಂತ:* ಆಫರ್ ಮುಗಿಯುವವರೆಗೆ ತಡೆಯತಕ್ಕದ್ದು. ಮುಗಿದ ಮೇಲೂ ಬೇಕೆನಿಸಿದರೆ ಮುಂದಿನ ಆಫರ್ ಬಂದೇ ಬರುತ್ತದೆ.

ಶೇಷ ವಿಚಾರ

ಯಾವುದು ಪ್ರಧಾನ, ಯಾವುದು ಅದಕ್ಕೆ ಅಂಗ ಎಂಬುದನ್ನು ನಿರ್ಣಯಿಸಲು ಜೈಮಿನಿ ಒಂದಿಡೀ ಅಧ್ಯಾಯವನ್ನೇ ಮುಡಿಪಿಟ್ಟಿದ್ದಾನೆ. ದೇವದತ್ತನ ಮನೆಯಲ್ಲಿ ಆ ನಿರ್ಣಯ ತಲೆಕೆಳಗಾಗಿತ್ತು. ‘ತಿಂಗಳ ಕೊನೆಗೆ ಉಳಿದರೆ ಸಾಲಕ್ಕೆ ಹೆಚ್ಚಿಗೆ ಕಟ್ಟೋಣ’ ಎಂಬುದು ಅವನ ವ್ರತ. ಉಳಿದದ್ದಿಲ್ಲ, ಕಟ್ಟಿದ್ದಿಲ್ಲ. ಮನೆಯಾಕೆ ಅದನ್ನು ತಿರುಗಿಸಿದಳು. ಸಂಬಳ ಬಂದ ದಿನವೇ 2,000 ರೂಪಾಯಿ ಹೆಚ್ಚಿಗೆ ಸಾಲದ ಖಾತೆಗೆ. ಬದಲಾಗುವ ದರದ ಗೃಹಸಾಲವನ್ನು ಅವಧಿಗೆ ಮೊದಲೇ ತೀರಿಸಿದರೆ ದಂಡ ಹಾಕಬಾರದೆಂದು ರಿಸರ್ವ್ ಬ್ಯಾಂಕ್ 2012ರಲ್ಲೇ ಹೇಳಿದೆಯಾದ್ದರಿಂದ ಅಡ್ಡಿಯಿಲ್ಲ. ಸಾಲದ ಮೊದಲಿಂದ ಹೀಗೆ ಮಾಡಿದವನಿಗೆ 240 ಕಂತು ಸುಮಾರು 200ಕ್ಕೆ ಇಳಿಯುತ್ತದೆ, ಬಡ್ಡಿಯಲ್ಲಿ ಆರೂವರೆ ಲಕ್ಷಕ್ಕೂ ಮಿಕ್ಕಿ ಉಳಿಯುತ್ತದೆ. ಎರಡು ಸಾವಿರವೆಂದರೆ ನಾಲ್ಕು ಶುಕ್ರವಾರಗಳ ದೋಸೆ. ದೋಸೆಗೆ ಇಷ್ಟು ಶಕ್ತಿಯಿದೆಯೆಂದು ಆಯುರ್ವೇದವೂ ಹೇಳಿಲ್ಲ.

ತರಕಾರಿ, ಹೂವು, ಹಣ್ಣು, ಆಟೋಗಳಿಗೆ ಅವಳು ಪ್ರತಿ ಭಾನುವಾರ ನಗದು ತೆಗೆದು ಸಾಸಿವೆ ಡಬ್ಬಿಯಲ್ಲಿ ಹಾಕಿದಳು. ಡಬ್ಬಿ ಖಾಲಿಯಾದ ಶನಿವಾರಗಳಲ್ಲಿ ಹುರುಳಿಕಾಳಿನ ಬಸ್ಸಾರು. ಪ್ರತ್ಯಕ್ಷಪ್ರಮಾಣಕ್ಕೆ ಜೀವ ಬಂದದ್ದು ಹೀಗೆ.

ಉಳಿದ ಸಾಲಗಳಲ್ಲಿ ಯಾವುದು ಮೊದಲು? ಸಣ್ಣದನ್ನು ಮೊದಲು ತೀರಿಸಿದರೆ ಹುರುಪು ಬರುತ್ತದೆಂದು ಒಂದು ಪಂಥ: ಸೊಸೈಟಿಯ 18,000 ಮುಗಿಸು. ಬಡ್ಡಿ ಹೆಚ್ಚಿನದನ್ನು ಮೊದಲು ತೀರಿಸಬೇಕೆಂದು ಇನ್ನೊಂದು: ಕಾರ್ಡಿನ ಕತ್ತು ಹಿಡಿ. ಲೆಕ್ಕ ಎರಡನೆಯವರ ಕಡೆಗಿದೆ, ಮನಸ್ಸು ಮೊದಲಿನವರ ಕಡೆಗೆ. ದೇವದತ್ತ ಮಾತ್ರ ಅಪ್ಪಟ ದ್ವೈತಿ: ಠೇವಣಿ ಬೇರೆ, ಸಾಲ ಬೇರೆ, ಎರಡಕ್ಕೂ ಎಂದೂ ಐಕ್ಯವಿಲ್ಲ. ಒಂದು ಲಕ್ಷದ ಠೇವಣಿ ಶೇ. 7ರಂತೆ ವರ್ಷಕ್ಕೆ 7,000 ತರುತ್ತದೆ. ಅದರ ಅರ್ಧದಷ್ಟಿರುವ ಕಾರ್ಡಿನ ಬಾಕಿ ಜಿಎಸ್‌ಟಿ ಸೇರಿ 24,780 ಒಯ್ಯುತ್ತದೆ. “ಠೇವಣಿ ಮುರಿದರೆ ಲಕ್ಷ್ಮಿ ಹೋಗ್ತಾಳೆ ಕಣೇ” ಎಂದು ಅವನು. “ಅವಳು ಹೋಗಿ ವರ್ಷ ಆಯ್ತು, ರಸೀತಿ ಮಾತ್ರ ಇದೆ” ಎಂದು ಅವಳು. ಅರ್ಧ ಠೇವಣಿ ಮುರಿದು ಕಾರ್ಡು ತೀರಿಸಿ, ಉಳಿದರ್ಧವನ್ನು ಕಷ್ಟಕಾಲಕ್ಕೆ ಬಿಟ್ಟದ್ದು ವಿಶಿಷ್ಟಾದ್ವೈತವೆಂದು ತಿಳಿಯತಕ್ಕದ್ದು.

ಮುಕ್ತಿ ವಿಚಾರ

ಸಾಲ ತೀರಿದ ಮೇಲೆ ಜೀವನು ಏನಾಗುತ್ತಾನೆ? ಈ ವಿಷಯದಲ್ಲಿ ದರ್ಶನಗಳಿಗಿಂತ ರಿಸರ್ವ್ ಬ್ಯಾಂಕ್ ಸ್ಪಷ್ಟವಾಗಿದೆ. 2023ರ ಡಿಸೆಂಬರ್ 1ರಿಂದ ಜಾರಿಗೆ ಬಂದ ನಿಯಮದಂತೆ, ಸಾಲ ಪೂರ್ತಿ ತೀರಿದ 30 ದಿನಗಳೊಳಗೆ ಮನೆಯ ಮೂಲಪತ್ರಗಳನ್ನು ಹಿಂದಿರುಗಿಸಬೇಕು. ಬ್ಯಾಂಕಿನ ಕಾರಣಕ್ಕೆ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ, ಬ್ಯಾಂಕಿನಿಂದ ಸಾಲಗಾರನಿಗೆ.

ಇದನ್ನು ಓದಿದ ದೇವದತ್ತ ಕಾಗದದ ಮೇಲೆ ಗುಣಾಕಾರ ಹಾಕಲು ಕುಳಿತ. ಹತ್ತು ದಿನ ತಡವಾದರೆ ಐವತ್ತು ಸಾವಿರ, ತಿಂಗಳು ತಡವಾದರೆ ಒಂದೂವರೆ ಲಕ್ಷ. ಬ್ಯಾಂಕಿನವರು ಪತ್ರಗಳನ್ನು ಎಲ್ಲೋ ಇಟ್ಟು ಮರೆಯಲಿ ಎಂದು ಚಾಮುಂಡೇಶ್ವರಿಗೆ ಈಗಲೇ ಹರಕೆಯನ್ನೂ ಹೊತ್ತ. ಸಾಲ ತೀರಲು ಇನ್ನೂ ಹದಿಮೂರು ವರ್ಷವಿದೆ. ಮನೆಯಾಕೆ ಒಗ್ಗರಣೆ ಸೌಟು ಕೆಳಗಿಟ್ಟು ಕೇಳಿದಳು: “ಹರಕೆ ಎಷ್ಟರದ್ದು ರೀ? ಯಾವ ಲೆಕ್ಕಕ್ಕೆ ಬರ್ಕೊಳ್ಳಲಿ?”